ಕೊಸರು

ನ್ಖಾಟಾ ಬೇ ಸಂತೆಯಲ್ಲಿ ಮೀನು ತೂಗುವುದಿಲ್ಲ,
ಅಳೆಯುತ್ತೇವೆ.
ಎಣ್ಣೆ ತುಂಬಿ ಬಂದ ತಗಡಿನ ಡಬ್ಬಿಯೇ ನಮ್ಮ ಸೇರು.
ಬೆರಳುದ್ದದ ಉಸಿಪಾ ಮೀನು, ಜೊಂಡಿನ ಚಪ್ಪರದ ಮೇಲೆ ಒಣಗಿ
ಬೆಳ್ಳಿ ಹೋಗಿ ಬೂದಿಬಣ್ಣಕ್ಕೆ ತಿರುಗಿದ್ದು,
ಗೋಪುರ ಕಟ್ಟಿ ಸುರಿದರೆ ಒಂದು ಅಳತೆ.

ತಗಡಿನ ಮಟೆಯೊ ಡಬ್ಬಿಯ ತಳವನ್ನು
ಒಳಕ್ಕೆ ಬಡಿದು ಕೊಡುತ್ತಾನೆ,
ಅಂಗೈಯಷ್ಟು ಉಬ್ಬು.
ಹೊರಗಿನಿಂದ ಎಲ್ಲ ಡಬ್ಬಿಯೂ ಒಂದೇ ಎತ್ತರ.
ನನ್ನದೂ ಅವನೇ ಬಡಿದದ್ದು. ಮುಚ್ಚಿಡುವುದೇನು,
ಸಾಲಿನಲ್ಲಿ ಹದಿನೇಳು ಚಾಪೆ, ಹದಿನಾರು ಉಬ್ಬು.

ಹದಿನೇಳನೆಯದು ತವೊಂಗಾಳದು. ನನ್ನ ಎಡಕ್ಕೆ ಕೂರುತ್ತಾಳೆ.
ಅವಳ ಡಬ್ಬಿಯ ತಳ ಸಪಾಟು.
ಅದರ ಬಗ್ಗೆ ಒಂದು ಮಾತೂ ಆಡಿದವಳಲ್ಲ.
ಆಡಿದ್ದರೆ ಚೆನ್ನಾಗಿತ್ತು, ಜಗಳಕ್ಕಾದರೂ ಬೀಳಬಹುದಿತ್ತು.
ಗುರುವಾರ ಇಬ್ಬರೂ ಬಿಳಿ ರವಿಕೆ, ಕಪ್ಪು ಲಂಗ ತೊಟ್ಟು
ಸ್ತ್ರೀಸಂಘದ ಒಂದೇ ಬೆಂಚಿನಲ್ಲಿ ಮೊಣಕೈ ತಾಗಿಸಿ ಕೂತು
ದಿನದ ಅನ್ನ ಕೇಳುವ ಸಾಲಿಗೆ ಬಂದಾಗ
ನನ್ನ ದನಿಯೇ ಜೋರು.

ಅದು ಮೀನು ಸಿಗದ ತಿಂಗಳು. ಮ್ವೇರಾ ಗಾಳಿ ಸರೋವರವನ್ನು ಕಡೆದು
ದೋಣಿಯ ದೀಪಗಳು ಇರುಳಿಡೀ ಉರಿದು
ಖಾಲಿ ಬಲೆ ತಂದವು.
ಅವಳ ಮಗು ಲುಸುಂಗುವಿಗೆ ಜ್ವರ.
ಒಂದು ಸಂಜೆ ಮಟೆಯೊನ ಅಂಗಡಿ ಮುಂದೆ ಕಂಡಳು,
ಡಬ್ಬಿ ಕಂಕುಳಲ್ಲಿ.
ಹೇಳಿಬಿಡುತ್ತೇನೆ: ನನಗೆ ಖುಷಿಯಾಯಿತು.
ನೀರು ಕುಡಿದ ಹಾಗೆ, ಗಂಟಲಿಂದ ಕೆಳಕ್ಕೆ ತಂಪಾಗಿ.
ಬಾ ತಾಯಿ ಅಂದುಕೊಂಡೆ, ನೀನೂ ಬಾ.

ಅವಳು ಬಂದದ್ದು ಸರಿಮಾಡಿಸಲಿಕ್ಕೆ.
ಹಿಂದಿನ ರಾತ್ರಿ ಡಬ್ಬಿ ಬಂಡೆಗೆ ಬಿದ್ದು
ತಳ ತಾನಾಗಿ ಒಳಕ್ಕೆ ಉಬ್ಬಿತ್ತಂತೆ,
ಬೆಳಗಿನಿಂದ ಅದರಲ್ಲೇ ಅಳೆದಿದ್ದಳಂತೆ,
ತೊಳೆಯುವಾಗ ಬೆರಳಿಗೆ ತಾಗಿತಂತೆ.
‘ನಿನ್ನ ಕೈಯಲ್ಲ, ಸುತ್ತಿಗೆಯೂ ಅಲ್ಲ’ ಎಂದೆ,
‘ದೇವರೇ ಬಡಿದು ಕೊಟ್ಟದ್ದು, ಮಗುವಿನ ಔಷಧಿಗೆ.’
ಅವಳು ನಕ್ಕಳು. ನಗುತ್ತಾಳೆ, ಅದೇ ಕಷ್ಟ.
‘ಯೇಸು ಮರಗೆಲಸದವನು ಕಣೆ,
ತಗಡಿಗೆ ಕೈ ಹಾಕುವವನಲ್ಲ.’

ಉಬ್ಬಿಸಲು ದುಡ್ಡು ಕೇಳುವ ಮಟೆಯೊ
ಸಪಾಟು ಮಾಡಲು ಎಷ್ಟು ಕೇಳಬೇಕೆಂದು ತೋಚದೆ
ಸುಮ್ಮನೆ ಬಡಿದ.

ಆ ದಿನ ಅವಳಿಗೆ ಹನ್ನೆರಡು ಗಿರಾಕಿ.
ಮರುದಿನ ಹನ್ನೊಂದು ಮಂದಿಯನ್ನು ಹುಡುಕಿದಳು.
ಗುಡ್ಡದ ಶಾಲೆಯ ಅಡಿಗೆಯವಳು, ದರ್ಜಿಯ ಅತ್ತೆ,
ಹಡಗುಕಟ್ಟೆಯ ಕಾವಲುಗಾರ,
ಉಳಿದವರ ಹೆಸರು ನನಗೆ ಗೊತ್ತಿಲ್ಲ, ಅವಳಿಗೆ ಗೊತ್ತು.
ಬಾಗಿಲಲ್ಲಿ ನಿಂತು ಒಂದೊಂದು ಹಿಡಿ.
ಕಾವಲುಗಾರ ಕೊಸರೆಂದುಕೊಂಡು ಇನ್ನಷ್ಟು ಕೇಳಿದ.
‘ಕೊಸರಲ್ಲಣ್ಣ, ಇದು ನಿನ್ನದೇ’ ಎಂದರೆ
ತಲೆಬುಡ ತಿಳಿಯದೆ ಬಾಗಿಲು ಹಾಕಿಕೊಂಡ.
ಹನ್ನೆರಡನೆಯವನು ಮ್ಜಿಂಬಾ ಲಾರಿಯ ಹುಡುಗ,
ಹರಿದ ಕೆಂಪು ಟೋಪಿ.
ಲಾರಿ ಹೊರಟುಹೋಗಿತ್ತು.

ಅವನ ಹಿಡಿ ಮೀನು ಹಳೇ ಪೇಪರಿನಲ್ಲಿ ಕಟ್ಟಿಕೊಂಡು
ಅವಳ ಚಾಪೆಯ ಮೂಲೆಯಲ್ಲಿದೆ.
ವಾರಕ್ಕೊಮ್ಮೆ ಹೊಸದು ಕಟ್ಟುತ್ತಾಳೆ,
ಹಳತು ಮನೆಯ ಸಾರಿಗೆ.
ನಾನು ಬೈದಿದ್ದೇನೆ. ಅದರ ಬಳಿ ಸುಳಿದ ಬೆಕ್ಕನ್ನು
ಓಡಿಸಿಯೂ ಇದ್ದೇನೆ.
ಮಗುವಿನ ಜ್ವರ ಇಳಿಯಿತು. ಅದಕ್ಕೂ ಇದಕ್ಕೂ ಗಂಟು ಹಾಕಬೇಡಿ,
ಉಬ್ಬಿನ ಡಬ್ಬಿಯವರ ಮಕ್ಕಳ ಜ್ವರವೂ ಇಳಿಯುತ್ತದೆ.

ನನ್ನ ತಳ? ಉಬ್ಬಿಯೇ ಇದೆ.
ಆದರೆ ಅಳೆದು ಸುರಿದ ಮೇಲೆ ಕೈ ತಾನಾಗಿ
ರಾಶಿಯ ಕಡೆ ಹೊರಳುತ್ತದೆ, ಒಂದು ಹಿಡಿ ಎತ್ತಿ ಹಾಕುತ್ತದೆ.
ಕೊಂಡವರು ಕೊಸರೆಂದು ಹರಸುತ್ತಾರೆ.
ಆ ಹರಕೆಯನ್ನೂ ಸೆರಗಿಗೆ ಕಟ್ಟಿಕೊಳ್ಳುತ್ತೇನೆ.
ಅದೂ ಕಳ್ಳತನವೇ, ಗೊತ್ತು.

ನಿನ್ನೆ ಹಡಗುಕಟ್ಟೆಯ ಗದ್ದಲದಲ್ಲಿ
ಕೆಂಪು ಟೋಪಿಯೊಂದು ಕಂಡಂತಾಯಿತು.
ತವೊಂಗಾ ಗಿರಾಕಿಗೆ ಅಳೆಯುತ್ತಿದ್ದಳು, ತಲೆ ಎತ್ತಿರಲಿಲ್ಲ.
ಆ ಪೇಪರಿನ ಪೊಟ್ಟಣ ಕಸಿದುಕೊಂಡು,
ನನ್ನ ಡಬ್ಬಿ, ನನ್ನ ರಾಶಿ ಎಲ್ಲ ಬಿಟ್ಟು
ಓಡಿದವಳು ನಾನು.